ಹೆಸರು ಇಲ್ಲಿ, ಊರು ಗಡಿಯಾಚೆ

ನಮ್ಮ ಓದುಗರ ಬಳಗದಲ್ಲಿ ಹೋದ ತಿಂಗಳು ಆಡಿದ ಮಾತುಗಳಿವು. ಅವತ್ತು ನನ್ನ ಹಿಂದೆ ಗೋಡೆಯ ಮೇಲೆ ಒಂದು ದೊಡ್ಡ ನಕ್ಷೆ ಇತ್ತು. ಓದುವವರ ಕಣ್ಣ ಮುಂದೆ ಅದಿಲ್ಲವಲ್ಲ, ಅದಕ್ಕೆ ಅಲ್ಲಲ್ಲಿ ಒಂದೆರಡು ಸಾಲು ಸೇರಿಸಿದ್ದೇನೆ.

ಎಲ್ಲರಿಗೂ ನಮಸ್ಕಾರ.

ಹಂಗೇರಿಯ ಮೂಲೆಯಲ್ಲಿರುವ ಒಂದು ಜಿಲ್ಲೆಯ ಬಗ್ಗೆ ಮಾತಾಡುತ್ತೇನೆ ಅಂದಾಗ ಇಲ್ಲಿ ಕೂತಿರುವ ಹಿರಿಯರೊಬ್ಬರು, "ಅಲ್ಲಪ್ಪಾ, ನಿನಗೂ ಅದಕ್ಕೂ ಏನು ಸಂಬಂಧ?" ಅಂದರು. ಸಂಬಂಧ ಒಂದು ಫೋನ್ ಕರೆಯಿಂದ ಶುರುವಾಯಿತು. 2022ರ ಮಾರ್ಚ್ ಮೊದಲ ವಾರ. ನನ್ನ ಅಕ್ಕನ ಮಗ ಯುಕ್ರೇನಿನ ಉಜ್‌ಹೊರೊದ್‌ನಲ್ಲಿ ಡಾಕ್ಟರ್ ಓದುತ್ತಿದ್ದ. ಯುದ್ಧ ಶುರುವಾಗಿತ್ತು. ನಮ್ಮ ರಾಜ್ಯದ ಹುಡುಗ ಹುಡುಗಿಯರು ನೂರಾರು ಜನ ಅಲ್ಲಿ ಸಿಕ್ಕಿಹಾಕಿಕೊಂಡಿದ್ದರು. ಅವರನ್ನು ಕರೆತರಲು ಆಪರೇಷನ್ ಗಂಗಾ ನಡೆದಿತ್ತು. ಇವನ ಗುಂಪು ಚೋಪ್ ಎಂಬ ಗಡಿ ಸ್ಟೇಷನ್‌ಗೆ ಬಂದು ರೈಲಿಗೆ ಕಾಯುತ್ತಿತ್ತು. "ಮಾಮ, ಇದರ ಮುಂದಿನ ಸ್ಟೇಷನ್ನೇ ಹಂಗೇರಿ" ಅಂದ. ರೈಲು ಎಷ್ಟು ಗಂಟೆಗೆ ಅಂತ ಕೇಳಿದೆ. "ಎರಡಕ್ಕೆ ಅಂತಾರೆ. ಆದ್ರೆ ಯಾವ ಎರಡು ಅಂತ ಗೊತ್ತಾಗ್ತಿಲ್ಲ ಮಾಮ" ಅಂದ. ಪಾಪ, ನಿದ್ದೆಗೆಟ್ಟು ಏನೋ ಬಡಬಡಿಸುತ್ತಿದ್ದಾನೆ ಅಂದುಕೊಂಡೆ.

ಆ ಮುಂದಿನ ಸ್ಟೇಷನ್ನಿನ ಹೆಸರು ಜಾಹೊಞ್. ಆ ರಾತ್ರಿ ನಿದ್ದೆ ಬಾರದೆ ನಕ್ಷೆ ತೆರೆದು ಕೂತೆ. ಜಾಹೊಞ್ ಯಾವ ಜಿಲ್ಲೆಯಲ್ಲಿದೆ ಅಂತ ನೋಡಿದರೆ ಒಂದು ಸಾಲಿನುದ್ದದ ಹೆಸರು ಸಿಕ್ಕಿತು: ಸಬೊಲ್ಚ್-ಸತ್ಮಾರ್-ಬೆರೆಗ್. ಒಂದು ಜಿಲ್ಲೆಗೆ ಮೂರು ಹೆಸರು ಯಾಕೆ ಅಂತ ಹುಡುಕಲು ಹೊರಟವನು ಇನ್ನೂ ವಾಪಸ್ ಬಂದಿಲ್ಲ.

ಮೊದಲು ಉಚ್ಚಾರಣೆಯ ವಿಷಯ ಮುಗಿಸಿಬಿಡೋಣ. ಹಂಗೇರಿಯನ್ನರು 'ಎಸ್' ಅಂತ ಬರೆದು 'ಶ' ಅನ್ನುತ್ತಾರೆ, 'ಎಸ್-ಜೆಡ್' ಅಂತ ಬರೆದು 'ಸ' ಅನ್ನುತ್ತಾರೆ. ಅವರ ಬಾಯಲ್ಲಿ ರಾಜಧಾನಿ ಬುಡಾಪೆಶ್ಟ್. ಇನ್ನೊಂದು ಸಂತೋಷದ ಸುದ್ದಿ ಇದೆ. ಒಂದನೇ ಕ್ಲಾಸಿನಲ್ಲಿ ಕಲಿತು ಆಮೇಲೆ ಒಂಟಿಯಾಗಿ ಎಲ್ಲೂ ಬಳಸದ ನಮ್ಮ 'ಞ' ಇದೆಯಲ್ಲ, ಅದಕ್ಕೆ ಅಲ್ಲಿ ದಿನವಿಡೀ ಕೆಲಸ. ಈ ಜಿಲ್ಲೆಯ ಕೇಂದ್ರದ ಹೆಸರೇ ಞೀರೆಜ್‌ಹಾಜ. 'ಞೀರ್' ಅಂದರೆ ಬರ್ಚ್ ಮರ, ಬಿಳಿ ತೊಗಟೆಯದು. 'ಎಜ್‌ಹಾಜ' ಅಂದರೆ ಅದರ ಚರ್ಚು. ಅದರಲ್ಲಿ ಮೊದಲು ಬರುವ 'ಜ್' ನಿಜಕ್ಕೂ ದ ಮತ್ತು ಜ ಎರಡರ ನಡುವಿನ ಒಂದು ಸದ್ದು. ಕನ್ನಡದಲ್ಲಿ ಅದಕ್ಕೆ ಅಕ್ಷರ ಇಲ್ಲ, 'ಜ'ದಲ್ಲೇ ಸುಧಾರಿಸೋಣ.

ಈಗ ನಕ್ಷೆ. ಹಂಗೇರಿ ಒಂದು ಉದ್ದನೆಯ ಎಲೆ ಎಂದುಕೊಳ್ಳಿ. ಅದರ ಬಲತುದಿ, ಈಶಾನ್ಯದ ಮೂಲೆ, ಈ ಜಿಲ್ಲೆ. ವಿಸ್ತೀರ್ಣ 5,936 ಚದರ ಕಿ.ಮೀ. ಉತ್ತರದಲ್ಲಿ ಸ್ಲೊವಾಕಿಯಾ ಚೂರೇ ಚೂರು ತಾಗುತ್ತದೆ. ಈಶಾನ್ಯಕ್ಕೆ ಯುಕ್ರೇನ್, ಪೂರ್ವ ಆಗ್ನೇಯಕ್ಕೆ ರೊಮೇನಿಯಾ. ಹಂಗೇರಿಯಲ್ಲಿ ಬುಡಾಪೆಸ್ಟ್ ಬಿಟ್ಟು 19 ಜಿಲ್ಲೆಗಳಿವೆ. ಅವುಗಳಲ್ಲಿ ಯುಕ್ರೇನಿಗೆ ಅಂಟಿಕೊಂಡಿರುವುದು ಇದೊಂದೇ. ದೇಶದ ಅತಿ ಪೂರ್ವದ ಹಳ್ಳಿ ಗರ್ಬೊಲ್ತ್ಸ್ ಕೂಡ ಇಲ್ಲಿದೆ. ಪಶ್ಚಿಮದ ಕೊನೆಯ ಹಳ್ಳಿಗಿಂತ ಹೆಚ್ಚುಕಡಿಮೆ ಅರ್ಧ ಗಂಟೆ ಮೊದಲೇ ಇಲ್ಲಿ ಬೆಳಗಾಗುತ್ತದೆ. ಗಡಿಯಾರ ಮಾತ್ರ ಎರಡೂ ಕಡೆ ಒಂದೇ.

ನೆಲ ಬಹುಪಾಲು ಚಪ್ಪಟೆ. ಪಶ್ಚಿಮದಲ್ಲಿ ಞೀರ್‌ಶೇಗ್ ಎಂಬ ಮರಳು ನೆಲ. ಗಾಳಿ ತಂದು ಗುಡ್ಡೆ ಹಾಕಿದ ಮರಳು ಅದು. ಅಲ್ಲಿ ಆಲೂಗಡ್ಡೆ, ತಂಬಾಕು, ಮುಖ್ಯವಾಗಿ ಸೇಬು. ಪೂರ್ವಕ್ಕೆ ಬಂದರೆ ನೀರಿನ ರಾಜ್ಯ. ತಿಸ ನದಿ ಯುಕ್ರೇನಿನ ಬೆಟ್ಟಗಳಿಂದ ಇಳಿದು ಇಲ್ಲಿಂದಲೇ ಹಂಗೇರಿಯನ್ನು ಹೊಗುತ್ತದೆ. ಸಮೊಶ್ ಮತ್ತು ಕ್ರಸ್ನ ನದಿಗಳು ರೊಮೇನಿಯಾದಿಂದ ಬಂದು ಅದನ್ನು ಸೇರುತ್ತವೆ. ತಿಸದ ಬಲದಂಡೆಯಲ್ಲಿ, ಯುಕ್ರೇನ್ ಗಡಿಯವರೆಗೆ, ಇಪ್ಪತ್ತು ಚಿಲ್ಲರೆ ಹಳ್ಳಿಗಳ ಒಂದು ತುಂಡು ನೆಲ ಬೆರೆಗ್. ಎಡದಂಡೆಯಿಂದ ರೊಮೇನಿಯಾ ಗಡಿಯವರೆಗೆ ಸತ್ಮಾರ್. ಉಳಿದ ದೊಡ್ಡ ಪಾಲು ಸಬೊಲ್ಚ್.

ಈ ಮೂರು ಹೆಸರುಗಳ ತವರು ಎಲ್ಲಿದೆ ಅಂತ ನೋಡೋಣ. ಇದೇ ನನಗೆ ಬಹಳ ಹಿಡಿಸಿದ ಸಂಗತಿ.

ಹಂಗೇರಿಯನ್ನರು ಜಿಲ್ಲೆಗೆ 'ಮೆಜೆ' ಅನ್ನುತ್ತಾರೆ. ಪೂರ್ತಿ ಹೆಸರು 'ವಾರ್‌ಮೆಜೆ'. 'ವಾರ್' ಅಂದರೆ ಕೋಟೆ. ಸುಮಾರು 1000ನೇ ಇಸವಿಯ ಹೊತ್ತಿಗೆ ಮೊದಲ ದೊರೆ ಇಶ್ತ್ವಾನ್, ನಾವು ಸ್ಟೀಫನ್ ಅನ್ನುವವನು, ರಾಜ್ಯವನ್ನು ಕೋಟೆಗಳ ಸುತ್ತ ಹಂಚಿದ. ಪ್ರತಿ ಕೋಟೆಗೆ ಇಶ್ಪಾನ್ ಎಂಬ ಅಧಿಕಾರಿ. ಕೋಟೆಯ ಹೆಸರೇ ಸೀಮೆಯ ಹೆಸರು. 'ಮೆಜೆ' ಅನ್ನೋದು ಸ್ಲಾವ್ ನುಡಿಯಿಂದ ಬಂದ ಪದ. ಅಲ್ಲಿ ಅದರ ಅರ್ಥ ಎಲ್ಲೆ, ಗಡಿ. ನಮ್ಮ 'ಸೀಮೆ' ಕೂಡ ಹಾಗೇ ಅಲ್ವಾ? ಗಡಿಯೂ ಅದೇ, ಗಡಿಯೊಳಗಿನ ನಾಡೂ ಅದೇ. ಹಾಗಾಗಿ ವಾರ್‌ಮೆಜೆಗೆ 'ಕೋಟೆಸೀಮೆ' ಅಂದರೆ ಪದಕ್ಕೆ ಪದ ಸರಿಹೋಗುತ್ತದೆ. ಕಮ್ಯುನಿಸ್ಟರು 1950ರ ಹೊತ್ತಿಗೆ 'ವಾರ್' ಕಿತ್ತು ಬರೀ 'ಮೆಜೆ' ಉಳಿಸಿದ್ದರು. 2023ರ ಜನವರಿ 1ರಿಂದ ಸರ್ಕಾರ ಆ ಕೋಟೆಯನ್ನು ಮತ್ತೆ ಹಚ್ಚಿದೆ. ಸರ್ಕಾರದ ಪ್ರತಿನಿಧಿಗೆ 'ಫೋಯಿಶ್ಪಾನ್', ಅಂದರೆ ಹಿರಿಯ ಇಶ್ಪಾನ್, ಅನ್ನುವ ಹಳೇ ಪದವಿಯೂ ವಾಪಸ್ ಬಂದಿದೆ. ನನಗಂತೂ ಇದು ಅಜ್ಜನ ಪೇಟ ಮೊಮ್ಮಗನ ತಲೆಗಿಟ್ಟ ಹಾಗೆ ಕಾಣುತ್ತದೆ.

ಇರಲಿ. ಮೊದಲ ಹೆಸರು ಸಬೊಲ್ಚ್. ತಿಸ ದಂಡೆಯಲ್ಲಿ ಇದೇ ಹೆಸರಿನ ಒಂದು ಹಳ್ಳಿ ಇದೆ. ಕೆಲವೇ ನೂರು ಜನ. ಹಳ್ಳಿಯ ಪಕ್ಕದಲ್ಲೇ ಮೂರು ಮೂಲೆಯ ಮಣ್ಣಿನ ಕೋಟೆ, ಈಗಲೂ ಹುಲ್ಲು ಹೊದ್ದು ಎತ್ತರಕ್ಕೆ ನಿಂತಿದೆ. ಕಲ್ಲಿಲ್ಲ, ಗಾರೆಯಿಲ್ಲ. ಮರದ ದಿಮ್ಮಿಗಳ ಚೌಕಟ್ಟು ಕಟ್ಟಿ ಮಣ್ಣು ತುಂಬಿದ್ದು. ವಲಸೆ ಬಂದ ಹಂಗೇರಿಯನ್ನರ ನಾಯಕನೊಬ್ಬ ಸಬೊಲ್ಚ್, ಇದನ್ನು ಅವನೇ ಕಟ್ಟಿಸಿದ ಅಂತ 1200ರ ಆಸುಪಾಸಿನ ಒಬ್ಬ ಚರಿತ್ರೆಕಾರ ಬರೆದಿದ್ದಾನೆ. ಅವನು ತನ್ನ ಹೆಸರು ಹೇಳಿಕೊಂಡಿಲ್ಲ, ಅದಕ್ಕೇ ಅವನಿಗೆ 'ಅನೋನಿಮಸ್' ಎಂದೇ ಹೆಸರು. 1092ರಲ್ಲಿ ದೊರೆ ಲಾಸ್ಲೊ ಇದೇ ಊರಲ್ಲಿ ದೊಡ್ಡ ಧರ್ಮಸಭೆ ಸೇರಿಸಿದ್ದ. ಆಮೇಲೆ ಊರು ಸೊರಗಿತು. ಸೀಮೆಯ ಕಚೇರಿ ಬಹಳ ಕಾಲ ನಜ್‌ಕಾಲೋದಲ್ಲಿತ್ತು, 1876ರಲ್ಲಿ ಞೀರೆಜ್‌ಹಾಜಕ್ಕೆ ಹೋಯಿತು.

ಎರಡನೆಯದು ಸತ್ಮಾರ್. ಇದು ಸಮೊಶ್ ನದಿಯ ಮೇಲಿದ್ದ ಕೋಟೆ. ಅದರ ಪಕ್ಕದಲ್ಲಿ, ಹೊಳೆಯ ಆಚೆ, ಜರ್ಮನ್ ವಲಸಿಗರ ಊರು ನೇಮೆತಿ. 'ನೇಮೆತ್' ಅಂದರೆ ಜರ್ಮನ್. ಹದಿನೆಂಟನೇ ಶತಮಾನದ ಶುರುವಿನಲ್ಲಿ ಎರಡೂ ಸೇರಿ ಸತ್ಮಾರ್‌ನೇಮೆತಿ ಆಯಿತು. ಅದು ಈಗ ರೊಮೇನಿಯಾದಲ್ಲಿದೆ, ಸಾತು ಮಾರೆ ಎಂಬ ಹೆಸರಿನಲ್ಲಿ.

ಮೂರನೆಯದು ಬೆರೆಗ್. ಆ ಸೀಮೆಯ ಕೇಂದ್ರ ಬೆರೆಗ್‌ಸಾಸ್. 'ಸಾಸ್' ಅಂದರೆ ಸ್ಯಾಕ್ಸನ್, ಅಂದರೆ ಇವರೂ ಜರ್ಮನರೇ. ಆ ಊರು ಈಗ ಯುಕ್ರೇನಿನಲ್ಲಿದೆ, ಬೆರೆಹೊವೆ ಎಂಬ ಹೆಸರಿನಲ್ಲಿ.

ನೋಡಿ, ಮೂರು ಹೆಸರಿನಲ್ಲಿ ಎರಡರ ಊರುಗಳು ಬೇರೆ ದೇಶದಲ್ಲಿವೆ. ಮನೆಯಲ್ಲಿ ಉಳಿದದ್ದು ಒಂದೇ, ಅದೂ ಬಸ್ಸು ಅಪರೂಪಕ್ಕೆ ನಿಲ್ಲುವಂಥ ಒಂದು ಹಳ್ಳಿ. ರೊಮೇನಿಯಾದಲ್ಲೂ ಸಾತು ಮಾರೆ ಅಂತ ಒಂದು ಜಿಲ್ಲೆ ಇದೆ. ಹಾಗಾಗಿ ಗಡಿಯ ಎರಡೂ ಬದಿಯಲ್ಲಿ ಸತ್ಮಾರ್ ಇದೆ. ಅಣ್ಣತಮ್ಮ ಪಾಲಾದಾಗ ಮನೆ ಹೆಸರನ್ನು ಇಬ್ಬರೂ ಇಟ್ಟುಕೊಳ್ಳುತ್ತಾರಲ್ಲ, ಹಾಗೆ.

ಪಾಲಾಗಿದ್ದು 1920ರಲ್ಲಿ. ಮೊದಲ ಮಹಾಯುದ್ಧದಲ್ಲಿ ಸೋತ ಹಂಗೇರಿ ಜೂನ್ 4ರಂದು ಫ್ರಾನ್ಸಿನ ತ್ರಿಯಾನೊ ಅರಮನೆಯಲ್ಲಿ ಸಹಿ ಹಾಕಿತು. ದೇಶದ ಮೂರನೇ ಎರಡು ಭಾಗಕ್ಕಿಂತ ಜಾಸ್ತಿ ನೆಲ ಹೋಯಿತು. ಈ ಮೂಲೆಯಲ್ಲಿ ಸತ್ಮಾರ್, ಬೆರೆಗ್, ಉಗೊಚ, ಉಂಗ್ ಅಂತ ಸೀಮೆಗಳಿದ್ದವು. ಎಲ್ಲದರ ಕೇಂದ್ರ ಪಟ್ಟಣಗಳೂ ಆಚೆ ಬಿದ್ದವು. ಹಂಗೇರಿಗೆ ಉಳಿದದ್ದು ಅಂಚು ತುಣುಕುಗಳು. ಉಗೊಚದ್ದು ನಾಲ್ಕಾರು ಹಳ್ಳಿ. ಉಂಗ್‌ನದ್ದು ಜಾಹೊಞ್ ಕಡೆಯ ಬೆರಳೆಣಿಕೆಯ ಹಳ್ಳಿ. ನಾಲ್ಕಾರು ಹಳ್ಳಿಗೆ ಒಂದು ಜಿಲ್ಲಾಡಳಿತ ನಡೆಸಲು ಆಗುತ್ತದೆಯೇ? ಆಗಲ್ಲ. ಹಾಗಂತ ಹೆಸರು ಅಳಿಸಿದರೆ ಆ ನೆಲ ನಮ್ಮದಲ್ಲ ಅಂತ ಒಪ್ಪಿಕೊಂಡ ಹಾಗಾಯಿತು.

ಅದಕ್ಕೆ 1923ರಲ್ಲಿ ಒಂದು ಉಪಾಯ ಹುಡುಕಿದರು. ತುಣುಕುಗಳನ್ನು ಜೋಡಿಸಿ ಹೊಸ ಸೀಮೆ ಮಾಡಿದರು. ಅದರ ಅಧಿಕೃತ ಹೆಸರು ಹೀಗಿತ್ತು: 'ಸತ್ಮಾರ್, ಉಗೊಚ ಮತ್ತು ಬೆರೆಗ್, ಆಡಳಿತದ ಮಟ್ಟಿಗೆ ಸದ್ಯಕ್ಕೆ ಒಂದುಗೂಡಿಸಿದ ಕೋಟೆಸೀಮೆಗಳು.' ಅದರಲ್ಲಿ 'ಸದ್ಯಕ್ಕೆ' ಅನ್ನೋ ಪದ ನೋಡಿ! ಹಂಗೇರಿಯನ್‌ನಲ್ಲಿ 'ಎಜೆಲೋರೆ'. ಇಡೀ ದೇಶದ ದುಃಖ, ಸಿಟ್ಟು, ಆಸೆ ಎಲ್ಲ ಆ ಒಂದು ಗುಮಾಸ್ತೆ ಪದದೊಳಗೆ ಕೂತಿದೆ. ಪ್ರತಿ ಬಾರಿ ಇಷ್ಟುದ್ದ ಬರೆಯಲಾಗದೆ ಮೂರು ಅಕ್ಷರಕ್ಕೆ ಇಳಿಸಿಕೊಂಡರು. ರಬ್ಬರ್ ಸ್ಟಾಂಪಿನಲ್ಲಿ, ಕಾಗದ ಪತ್ರದಲ್ಲಿ ಆ ಸಂಕ್ಷೇಪವೇ ಇರುತ್ತಿತ್ತು. ಕೇಂದ್ರ ಮಾತೇಸಲ್ಕ ಎಂಬ ಸಣ್ಣ ಪೇಟೆ. ಅತ್ತ ಸಬೊಲ್ಚ್‌ಗೂ ಒಂದು ಬಾಲ ಸಿಕ್ಕಿತು. ಅದು 'ಸಬೊಲ್ಚ್ ಮತ್ತು ಉಂಗ್' ಆಯಿತು, ಅದೂ ಸದ್ಯಕ್ಕೆ.

1938ರಿಂದ 1940ರೊಳಗೆ ಹಿಟ್ಲರ್, ಮುಸೊಲಿನಿ ಕಡೆಯವರ ಪಂಚಾಯ್ತಿಯಲ್ಲಿ, ಮಧ್ಯೆ 1939ರಲ್ಲಿ ಹಂಗೇರಿಯ ಸೇನೆಯೇ ನುಗ್ಗಿ, ಕಳೆದದ್ದರಲ್ಲಿ ಒಂದಷ್ಟು ವಾಪಸ್ ಬಂತು. ಯುದ್ಧ ಮುಗಿಯುವಷ್ಟರಲ್ಲಿ ಮತ್ತೆ ಹೋಯಿತು. ಈ ಸಲ ಬೆರೆಗ್‌ಸಾಸ್ ಸೇರಿದ್ದು ಸೋವಿಯತ್ ಒಕ್ಕೂಟಕ್ಕೆ. ಆ ಕಡೆ ಒಂದು ಹಳೇ ನಗೆಹನಿ ಇದೆ. ಒಬ್ಬ ಮುದುಕ ಹೇಳುತ್ತಾನೆ: "ಹುಟ್ಟಿದ್ದು ಆಸ್ಟ್ರಿಯಾ-ಹಂಗೇರಿಯಲ್ಲಿ, ಸ್ಕೂಲಿಗೆ ಹೋಗಿದ್ದು ಚೆಕೊಸ್ಲೊವಾಕಿಯಾದಲ್ಲಿ, ಮದುವೆ ಆಗಿದ್ದು ಹಂಗೇರಿಯಲ್ಲಿ, ದುಡಿದಿದ್ದು ಸೋವಿಯತ್ ಒಕ್ಕೂಟದಲ್ಲಿ, ಪಿಂಚಣಿ ತಗೊಳ್ತಿರೋದು ಯುಕ್ರೇನಿನಲ್ಲಿ." ಕೇಳುವವನು, "ಅಬ್ಬಾ, ಎಷ್ಟು ಊರು ಸುತ್ತಿದ್ದೀರಿ" ಅಂದರೆ, "ಎಲ್ಲಿ ಸುತ್ತೋದು, ನಾನು ನಮ್ಮೂರು ಬಿಟ್ಟು ಹೋಗೇ ಇಲ್ಲ" ಅನ್ನುತ್ತಾನೆ.

1950ರಲ್ಲಿ ಎಲ್ಲ ತುಣುಕುಗಳನ್ನೂ ಒಟ್ಟು ಮಾಡಿ ಸಬೊಲ್ಚ್-ಸತ್ಮಾರ್ ಜಿಲ್ಲೆ ಮಾಡಿದರು. ಬೆರೆಗ್ ಹೆಸರು ಬಿಟ್ಟೇಹೋಯಿತು. ಮಾಸ್ಕೋ ದೊಡ್ಡಣ್ಣನಾಗಿರುವಾಗ, ಅವನ ಜೇಬಿನಲ್ಲಿರುವ ಊರಿನ ಹೆಸರನ್ನು ಬಾಗಿಲ ಮೇಲೆ ಬರೆದುಕೊಳ್ಳುವುದು ಯಾರಿಗೆ ಬೇಕಿತ್ತು? ಹಾಗಂತ ಯಾವ ಕಡತದಲ್ಲೂ ಬರೆದಿಲ್ಲ, ಇದು ನನ್ನ ಊಹೆ. ಆದರೆ ಬೆರೆಗ್ ವಾಪಸ್ ಬಂದ ವರ್ಷ 1990, ಕಮ್ಯುನಿಸ್ಟ್ ಆಡಳಿತ ಹೋದ ಕೂಡಲೇ. ಉಗೊಚ, ಉಂಗ್ ಮಾತ್ರ ಬರಲಿಲ್ಲ. ಇಂಥ ಕೆಲಸ ಬೇರೆ ಕಡೆಯೂ ನಡೆದಿದೆ. ದಕ್ಷಿಣದ ಚೊಂಗ್ರಾದ್ ಜಿಲ್ಲೆ 2020ರ ಜೂನ್ 4ರಂದು, ತ್ರಿಯಾನೊದ ನೂರನೇ ವರ್ಷದ ದಿನವೇ, ಚೊಂಗ್ರಾದ್-ಚನಾದ್ ಆಯಿತು. ತಾರೀಖು ಸುಮ್ನೆ ಸಿಕ್ಕಿದ್ದಲ್ಲ.

ಹೆಸರುಗಳು ಗಡಿ ದಾಟುವ ರೀತಿ ನೋಡಬೇಕು. ಒಂದು ದಾರಿ ಸದ್ದಿನದ್ದು. ಸತ್ಮಾರ್ ರೊಮೇನಿಯನ್ನರ ಬಾಯಲ್ಲಿ ಸಾತು ಮಾರೆ ಆಯಿತು. ಅವರ ನುಡಿಯಲ್ಲಿ ಅದಕ್ಕೆ 'ದೊಡ್ಡ ಹಳ್ಳಿ' ಅಂತ ಅರ್ಥ. ಮೂಲ ಹೆಸರಿಗೂ ಹಳ್ಳಿಗೂ ಸಂಬಂಧವಿಲ್ಲ, ಕಿವಿಗೆ ಬಿದ್ದ ಸದ್ದಿಗೆ ಪರಿಚಿತ ಅಂಗಿ ತೊಡಿಸಿದ್ದು ಅಷ್ಟೆ. ಇನ್ನೊಂದು ದಾರಿ ಅರ್ಥದ್ದು. ಹಳೇ ಸತ್ಮಾರ್ ಸೀಮೆಯಲ್ಲೇ ಇದ್ದ ನಜ್‌ಬಾಞ ಅಂದರೆ ದೊಡ್ಡ ಗಣಿ. ರೊಮೇನಿಯನ್‌ನಲ್ಲಿ ಅದು ಬಾಯಾ ಮಾರೆ, ಅಂದರೂ ದೊಡ್ಡ ಗಣಿಯೇ. ನನ್ನ ಅಕ್ಕನ ಮಗನ ಉಜ್‌ಹೊರೊದ್ ಇದೆಯಲ್ಲ, ಅದು ಹಂಗೇರಿಯನ್ನರಿಗೆ ಉಂಗ್ವಾರ್. ಉಂಗ್ ಹೊಳೆಯ ಕೋಟೆ. ಸ್ಲಾವ್ ನುಡಿಯಲ್ಲಿ ಆ ಹೊಳೆ ಉಜ್, ಕೋಟೆ ಹೊರೊದ್.

ಆ ಪ್ರಾಂತ್ಯದ ಹೆಸರೇ ಇನ್ನೂ ಚೆನ್ನಾಗಿದೆ. ಯುಕ್ರೇನಿನಲ್ಲಿ ಜಕರ್ಪತ್ಯ ಅನ್ನುತ್ತಾರೆ, ಕಾರ್ಪೇಥಿಯನ್ ಬೆಟ್ಟಗಳ ಆಚೆಯದು ಅಂತ. ಹಂಗೇರಿಯನ್ನರು ಕಾರ್ಪಾತಲ್ಯ ಅನ್ನುತ್ತಾರೆ, ಬೆಟ್ಟದ ಬುಡದ್ದು ಅಂತ. ಕೀವ್‌ನಲ್ಲಿ ನಿಂತು ನೋಡಿದರೆ ಆಚೆ, ಬುಡಾಪೆಸ್ಟ್‌ನಲ್ಲಿ ನಿಂತು ನೋಡಿದರೆ ಬುಡ. ಅಲ್ಲೇ ಮನೆ ಕಟ್ಟಿಕೊಂಡವನಿಗೆ ಅದು ಆಚೆಯೂ ಅಲ್ಲ, ಬುಡವೂ ಅಲ್ಲ.

ನುಡಿಯ ವ್ಯಾಕರಣದಲ್ಲೂ ಈ ಹಳೇ ಗಡಿ ಇನ್ನೂ ಬದುಕಿದೆ. ಕನ್ನಡದ ಹಾಗೆ ಹಂಗೇರಿಯನ್‌ನಲ್ಲೂ ಪದದ ಬಾಲಕ್ಕೆ ವಿಭಕ್ತಿ ಅಂಟುತ್ತದೆ. ನಾವು ಮೈಸೂರಿನಲ್ಲಿ, ಲಂಡನ್ನಿನಲ್ಲಿ ಅಂತ ಎರಡಕ್ಕೂ ಒಂದೇ 'ಅಲ್ಲಿ' ಹಚ್ಚುತ್ತೇವೆ. ಅವರು ಹಾಗಲ್ಲ. ಲಂಡನ್, ಪ್ಯಾರಿಸ್, ದೆಹಲಿಗೆ 'ಬನ್' ಅಥವಾ 'ಬೆನ್' ಹಚ್ಚುತ್ತಾರೆ, ಅಂದರೆ 'ಒಳಗೆ'. ತಮ್ಮ ನಾಡಿನ ಊರುಗಳಿಗೆ ಬಹುಮಟ್ಟಿಗೆ 'ಒನ್', 'ಎನ್' ಹಚ್ಚುತ್ತಾರೆ, ಅಂದರೆ 'ಮೇಲೆ'. ಬುಡಾಪೆಶ್ತೆನ್, ಞೀರೆಜ್‌ಹಾಜಾನ್. ತಮ್ಮ ಊರಿನ ಮೇಲೆ ನಿಲ್ಲುತ್ತಾರೆ, ಪರದೇಶದ ಊರಿನ ಒಳಗೆ ಹೋಗುತ್ತಾರೆ ಅಂತ ನಾನು ಅರ್ಥ ಮಾಡಿಕೊಂಡಿದ್ದೇನೆ. ಹಾಗಾದರೆ ಯುಕ್ರೇನಿನಲ್ಲಿರುವ ಉಂಗ್ವಾರ್‌ಗೆ? ಉಂಗ್ವಾರೊನ್. ರೊಮೇನಿಯಾದಲ್ಲಿರುವ ಕೊಲೊಜ್‌ವಾರ್‌ಗೆ? ಕೊಲೊಜ್‌ವಾರೊನ್. ನೂರು ವರ್ಷದಿಂದ ಬೇರೆ ದೇಶದಲ್ಲಿರುವ ಊರು, ವಿಭಕ್ತಿ ಪ್ರತ್ಯಯದಲ್ಲಿ ಇನ್ನೂ ತವರಲ್ಲೇ ಇದೆ. ಎಲ್ಲ ಊರಿಗೂ ಈ ಲೆಕ್ಕ ಕೂಡಿಬರುವುದಿಲ್ಲ. ಕೆಲವು ಸದ್ದಿನಲ್ಲಿ ಮುಗಿಯುವ ಹೆಸರಿಗೆ 'ಒಳಗೆ'ಯೇ ಸರಿ. ನಮ್ಮ ಜಾಹೊಞ್ ಹಂಗೇರಿಯೊಳಗೇ ಇದ್ದರೂ ಜಾಹೊಞ್‌ಬನ್.

ಹೆಸರು ಗಡಿ ದಾಟಿ ಇನ್ನೂ ದೂರ ಹೋದದ್ದೂ ಉಂಟು. ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಸತ್ಮಾರ್ ಹಸೀದರು ಎಂಬ ಯಹೂದಿ ಪಂಥದ ದೊಡ್ಡ ಸಮುದಾಯ ಇದೆ. ಆ ಪಂಥ ಕಟ್ಟಿದ ಗುರು ಯೋಯೆಲ್ ಟೈಟೆಲ್‌ಬೌಮ್ ಮೊದಲು ಸತ್ಮಾರ್ ಪಟ್ಟಣದಲ್ಲಿ ಗುರುವಾಗಿದ್ದವರು. ಈ ಸೀಮೆಗಳ ಪೇಟೆಗಳಲ್ಲೆಲ್ಲ ಯಹೂದಿಗಳು ತುಂಬ ಜನ ಇದ್ದರು. 1944ರಲ್ಲಿ ಞೀರೆಜ್‌ಹಾಜ, ಕಿಶ್ವಾರ್ದ, ಮಾತೇಸಲ್ಕಗಳಲ್ಲಿ ಅವರನ್ನು ಒಟ್ಟುಗೂಡಿಸಿ ರೈಲಿಗೆ ತುಂಬಿ ನಾಜಿಗಳ ಸಾವಿನ ಶಿಬಿರವಾದ ಔಶ್ವಿಟ್ಸ್‌ಗೆ ಕಳಿಸಿದರು. ಈಗ ಇಲ್ಲಿ ಆ ಜನ ಇಲ್ಲವೆನ್ನುವಷ್ಟು ಕಡಿಮೆ. ಹೆಸರು ಸಾಗರದಾಚೆ ಮಕ್ಕಳು ಮೊಮ್ಮಕ್ಕಳ ಬಾಯಲ್ಲಿದೆ.

ಮಾತೇಸಲ್ಕ ಅಂದಾಗ ಒಂದು ತಮಾಷೆ ನೆನಪಾಯಿತು. ಇವತ್ತಿನ ಹಂಗೇರಿಯಲ್ಲಿ ಮೊದಲು ವಿದ್ಯುತ್ ದೀಪ ಹತ್ತಿದ ಊರು ತಮ್ಮದು ಅಂತ ಅವರಿಗೆ ಬಹಳ ಹೆಮ್ಮೆ. 1888ರಲ್ಲಿ. ಅದಕ್ಕಿಂತ ನಾಲ್ಕು ವರ್ಷ ಮೊದಲೇ, 1884ರಲ್ಲಿ, ತೆಮೆಶ್ವಾರ್‌ನ ಬೀದಿಗಳಲ್ಲಿ ಕರೆಂಟಿನ ದೀಪ ಬಂದಿತ್ತು. ಆದರೆ ತೆಮೆಶ್ವಾರ್ ಈಗ ರೊಮೇನಿಯಾದಲ್ಲಿದೆ. ಗಡಿ ಸರಿದು ಇವರು ಮೊದಲ ರ‍್ಯಾಂಕಿಗೆ ಬಂದರು.

ಹಳ್ಳಿ ಹೆಸರುಗಳ ಮುಂದೆ ತಿಸ, ಞೀರ್, ಸತ್ಮಾರ್ ಅಂತ ಅಂಟಿಕೊಂಡಿರುವುದು ನಕ್ಷೆ ತುಂಬ ಕಾಣುತ್ತದೆ. ತಿಸದೊಬ್, ತಿಸಬೆಚ್, ಞೀರ್‌ಬಾತೊರ್, ಸತ್ಮಾರ್‌ಚೆಕೆ. 1898ರಲ್ಲಿ ಒಂದು ಕಾಯ್ದೆ ಬಂತು. ದೇಶದಲ್ಲಿ ಒಂದು ಊರಿಗೆ ಒಂದೇ ಅಧಿಕೃತ ಹೆಸರು, ಒಂದು ಹೆಸರಿಗೆ ಒಂದೇ ಊರು. ಅಂಚೆಯವರ, ರೈಲಿನವರ ತಲೆನೋವು ಕಳೆಯಲು ಅಂತಿಟ್ಟುಕೊಳ್ಳಿ. ಅದಾದ ಮೇಲೆ ಒಂದೇ ಹೆಸರಿನ ಊರುಗಳ ಮುಂದೆ ಹೊಳೆಯದ್ದೋ ಸೀಮೆಯದ್ದೋ ಗುರುತು ಬಂತು. ಹಾಗೆ ಬರೀ ಚೆಕೆ ಆಗಿದ್ದ ಹಳ್ಳಿ ಸತ್ಮಾರ್‌ಚೆಕೆ ಆಯಿತು. ಹಂಗೇರಿಯ ರಾಷ್ಟ್ರಗೀತೆ ಹುಟ್ಟಿದ್ದು ಆ ಹಳ್ಳಿಯಲ್ಲಿ. ಫೆರೆಂತ್ಸ್ ಕೊಲ್ಚೆಯಿ ಅದನ್ನು ಬರೆದು ಮುಗಿಸಿದ ದಿನ, 1823ರ ಜನವರಿ 22, ಈಗ ಅಲ್ಲಿ ಸಂಸ್ಕೃತಿ ದಿನ. ಅಲ್ಲಿನ ಸ್ಮಶಾನದಲ್ಲಿ ಓಕ್ ಮರದ ಗುರುತುಕಂಬಗಳನ್ನು ನೆಟ್ಟಿದ್ದಾರೆ, ನೂರಾರು. ಮಳೆ ಬಿಸಿಲಿಗೆ ಕಪ್ಪಾಗಿವೆ. ಒಂದೊಂದೂ ಆಳೆತ್ತರ, ನೆಟ್ಟಗೆ ನಿಲ್ಲಿಸಿದ ದೋಣಿಯ ಮೂತಿಯ ಹಾಗೆ. ನೀರಿನ ನಾಡಿನಲ್ಲಿ ಸತ್ತವರು ದೋಣಿಯಲ್ಲಿ ಹೋಗುತ್ತಾರೆ ಅಂತ ಒಂದು ಕತೆ ಕಟ್ಟಿದ್ದಾರೆ. ನಿಜವಾದ ಕಾರಣಕ್ಕೆ ಪಂಡಿತರು ಇನ್ನೂ ಜಗಳವಾಡುತ್ತಾರೆ.

ನೀರಿನ ನಾಡು ಅಂದೆ. ಆ ನೀರನ್ನು ಕಟ್ಟಿಹಾಕುವ ಕೆಲಸ 1846ರ ಆಗಸ್ಟ್‌ನಲ್ಲಿ ಇದೇ ಜಿಲ್ಲೆಯ ತಿಸದೊಬ್‌ನಲ್ಲಿ ಶುರುವಾಯಿತು. ಪಾಲ್ ವಾಶಾರ್‌ಹೆಯಿ ಯೋಜನೆ ಹಾಕಿದ ಎಂಜಿನಿಯರ್, ಇಶ್ತ್ವಾನ್ ಸೇಚೆಞಿ ಅದರ ಹಿಂದೆ ನಿಂತ ದೊಡ್ಡಮನುಷ್ಯ. ಮೊದಲ ಗುದ್ದಲಿ ಬೀಳುವ ಕೆಲವು ತಿಂಗಳ ಮೊದಲೇ ಎಂಜಿನಿಯರ್ ತೀರಿಕೊಂಡಿದ್ದ. ಹಾವಿನ ಹಾಗೆ ಹೊರಳುತ್ತಿದ್ದ ತಿಸದ ಬಳುಕುಗಳನ್ನು ಕತ್ತರಿಸಿ ನೇರ ಮಾಡಿದರು. ನದಿಯ ಉದ್ದ ಸುಮಾರು 450 ಕಿ.ಮೀ. ಕಡಿಮೆಯಾಯಿತು. ಜೌಗು ಒಣಗಿ ಹೊಲವಾಯಿತು. ಆದರೆ ಓಟ ಹೆಚ್ಚಿದ ನೀರು ಏರಿಯ ನಡುವೆ ಎತ್ತರಕ್ಕೆ ಏರತೊಡಗಿತು. 1970ರ ಮೇನಲ್ಲಿ ಸಮೊಶ್ ಒಡೆದು ಸತ್ಮಾರ್ ಕಡೆಯ ಹಳ್ಳಿಗಳನ್ನು ನೆಲಸಮ ಮಾಡಿತು. 2001ರ ಮಾರ್ಚ್ 6ರಂದು ತರ್ಪ ಹತ್ತಿರ ತಿಸದ ಏರಿ ಒಡೆದು ಬೆರೆಗ್ ಮುಳುಗಿತು. ಹಸಿ ಇಟ್ಟಿಗೆಯ ಗೋಡೆಗಳು ನೀರಲ್ಲಿ ನೆನೆದು ಕೂತುಬಿಟ್ಟವು. ಅದಕ್ಕೂ ಮುಂಚಿನ ವರ್ಷ, 2000ದ ಜನವರಿ ಕೊನೆಗೆ, ಬಾಯಾ ಮಾರೆಯ ಚಿನ್ನದ ತ್ಯಾಜ್ಯದ ಕಟ್ಟೆ ಒಡೆದು ಸಯನೈಡ್ ಸಮೊಶ್‌ಗೆ, ಅಲ್ಲಿಂದ ತಿಸಕ್ಕೆ ಹರಿಯಿತು. ಮೀನು ಟನ್‌ಗಟ್ಟಲೆ ಸತ್ತು ತೇಲಿತು. ಹಳೇ ಸತ್ಮಾರ್‌ನ ವಿಷ ಈಗಿನ ಸತ್ಮಾರ್‌ಗೆ ಇಳಿಯಿತು. ನದಿಗೆ 1920 ಗೊತ್ತಿಲ್ಲ.

ಇಷ್ಟೆಲ್ಲ ಹೆಸರಿನ ಪುರಾಣದ ನಡುವೆ ಹೆಸರೇ ಇಲ್ಲದ ಒಂದು ಹಣ್ಣು ಇದೆ. ಪೆಞಿಗೆ ಎಂಬ ಹಳ್ಳಿಯ ಕಡೆ, ಹೊಳೆ ಬಯಲಿನಲ್ಲಿ ತಾನಾಗಿ ಬೆಳೆಯುವ ಪ್ಲಮ್. ಸಣ್ಣದು, ನೀಲಿ. ಅದರ ಹೆಸರು 'ನೆಮ್‌ತುದೊಮ್'. ಹಾಗಂದರೆ 'ಗೊತ್ತಿಲ್ಲ'. ಇದು ಯಾವ ಜಾತಿ ಪ್ಲಮ್ ಅಂತ ಯಾರೋ ಕೇಳಿದರಂತೆ, ಹಳ್ಳಿಯವನು "ಗೊತ್ತಿಲ್ಲ" ಅಂದನಂತೆ, ಬರೆದುಕೊಳ್ಳುವವನು ಹಾಗೇ ಬರೆದುಕೊಂಡನಂತೆ. ಕಾಗೆ ಗುಬ್ಬಿ ಕತೆ ಇರಬಹುದು, ಆದರೆ ಹೆಸರಂತೂ ನಿಜ. ಹಣ್ಣಾದಾಗ ಬೀಜ ತೆಗೆದು ದೊಡ್ಡ ತಾಮ್ರದ ಹಂಡೆಗೆ ಹಾಕಿ ಅಂಗಳದಲ್ಲಿ ಒಲೆ ಹಚ್ಚುತ್ತಾರೆ. ಸಕ್ಕರೆ ಹಾಕುವುದಿಲ್ಲ. ಉದ್ದನೆ ಹಿಡಿಯ ಮರದ ಹುಟ್ಟಿನಿಂದ ರಾತ್ರಿಯಿಡೀ ತಿರುವುತ್ತಲೇ ಇರಬೇಕು, ಕೈ ನಿಂತರೆ ತಳ ಹಿಡಿಯುತ್ತದೆ. ಅಕ್ಕಪಕ್ಕದವರು ಸರದಿಯಲ್ಲಿ ಕೂರುತ್ತಾರೆ. ಬೆಳಗಾಗುವ ಹೊತ್ತಿಗೆ ಕಪ್ಪಗೆ, ಸೌಟು ನೆಟ್ಟರೆ ಬೀಳದಷ್ಟು ಗಟ್ಟಿ. ನಮ್ಮ ಆಲೆಮನೆ ನೋಡಿದವರಿಗೆ ಆ ರಾತ್ರಿ ಹೇಗಿರುತ್ತದೆ ಅಂತ ಹೇಳಬೇಕಾಗಿಲ್ಲ. ಅದೇ ಸೀಮೆಯ ಪ್ಲಮ್ ಸಾರಾಯಿಗೆ ಯುರೋಪಿಯನ್ ಒಕ್ಕೂಟ ಹೆಸರಿನ ರಕ್ಷಣೆ ಕೊಟ್ಟಿದೆ. 'ಸತ್ಮಾರಿ' ಅಂತ ಬೇರೆ ಕಡೆಯವರು ಚೀಟಿ ಅಂಟಿಸುವ ಹಾಗಿಲ್ಲ. ಸತ್ಮಾರ್ ಊರು ಹೋದರೂ ಬಾಟಲಿ ಮೇಲಿನ ಹೆಸರು ಕೈಲಿದೆ.

ಮಾತು ಮುಗಿದ ಮೇಲೆ ಒಬ್ಬರು, "ಅಲ್ಲಿಯ ಜನ ಇಷ್ಟುದ್ದದ ಹೆಸರು ಹೇಳುತ್ತಾರಾ?" ಅಂತ ಕೇಳಿದರು. ಇಲ್ಲ. ಹೊರಗಿನವರು ಬರೀ ಸಬೊಲ್ಚ್ ಅನ್ನುತ್ತಾರೆ. ಸತ್ಮಾರ್ ಕಡೆಯವರಿಗೆ ಅದು ಅಷ್ಟು ರುಚಿಸುವುದಿಲ್ಲ. ತಾವು ಸತ್ಮಾರಿಗಳು, ತಾವು ಬೆರೆಗಿಗಳು ಅಂತ ಮೊದಲು ಹೇಳಿಕೊಳ್ಳುತ್ತಾರೆ.

ಇನ್ನೊಬ್ಬರು ಜಾಹೊಞ್ ಬಗ್ಗೆ ಕೇಳಿದರು, ರೈಲಿನಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಅವರಿಗೆ ಹೇಳಿದ್ದು ಇಲ್ಲೂ ಹೇಳುತ್ತೇನೆ. ಸೋವಿಯತ್ ಹಳಿಗಳ ಅಗಲ 1,520 ಮಿ.ಮೀ., ಹಂಗೇರಿಯದ್ದು 1,435. ವ್ಯತ್ಯಾಸ 85 ಮಿ.ಮೀ., ನಾಲ್ಕೈದು ಬೆರಳು. ಆ ನಾಲ್ಕೈದು ಬೆರಳಿಂದಾಗಿ ಎಲ್ಲ ಸರಕನ್ನೂ ಇಲ್ಲಿ ಒಂದು ರೈಲಿನಿಂದ ಇಳಿಸಿ ಇನ್ನೊಂದಕ್ಕೆ ಹೇರಬೇಕು. ಅದಿರು, ಮರ, ಎಲ್ಲವನ್ನೂ. ಜಾಹೊಞ್ ಸುತ್ತಮುತ್ತ ಯಾರ್ಡ್‌ಗಳೇ ಯಾರ್ಡ್‌ಗಳು. ಹಳ್ಳಿ ಪಟ್ಟಣವಾಗಿದ್ದು ಹಾಗೆ. ಉಳಿದವರಿಗೆ ಊರಲ್ಲಿ ಕೆಲಸ ಇರಲಿಲ್ಲ. ಕಮ್ಯುನಿಸ್ಟರ ಕಾಲದಲ್ಲಿ ಸಬೊಲ್ಚ್‌ನ ಗಂಡಸರು ವಾರವಾರ ರೈಲು ಹತ್ತಿ ಬುಡಾಪೆಸ್ಟ್‌ಗೆ ಕೂಲಿಗೆ ಹೋಗಿ ಬರುತ್ತಿದ್ದರು. ಆ ರೈಲುಗಳಿಗೆ 'ಕಪ್ಪು ರೈಲು' ಅಂತ ಹೆಸರಿತ್ತು. ಅಧಿಕೃತ ವೇಳಾಪಟ್ಟಿಯಲ್ಲಿ ಆ ಹೆಸರು ಹುಡುಕಬೇಡಿ.

ಕೊನೆಗೆ ನನ್ನ ಅಕ್ಕನ ಮಗನ 'ಯಾವ ಎರಡು' ಪ್ರಶ್ನೆ. ಅವನು ಬಡಬಡಿಸಿರಲಿಲ್ಲ. ಯುಕ್ರೇನಿನ ಗಡಿಯಾರ ಹಂಗೇರಿಗಿಂತ ಒಂದು ಗಂಟೆ ಮುಂದೆ. ಆದರೆ ಚೋಪ್, ಬೆರೆಹೊವೆ ಕಡೆಯ ಹಂಗೇರಿಯನ್ನರು ಮನೆಯಲ್ಲಿ, ಮದುವೆ ಕರೆಯೋಲೆಯಲ್ಲಿ, ಚರ್ಚಿನಲ್ಲಿ ಇವತ್ತಿಗೂ ಬುಡಾಪೆಸ್ಟಿನ ಸಮಯವನ್ನೇ ಇಟ್ಟುಕೊಂಡಿದ್ದಾರೆ. ಅದಕ್ಕೆ ಅವರು 'ಇಲ್ಲಿಯ ಸಮಯ' ಅನ್ನುತ್ತಾರೆ. ಸರ್ಕಾರದ್ದು 'ಕೀವ್ ಸಮಯ'. ಹಾಗಾಗಿ ಯಾರಾದರೂ ಎರಡು ಗಂಟೆ ಅಂದರೆ ಯಾವುದು ಅಂತ ಕೇಳಿಕೊಳ್ಳಲೇಬೇಕು. ಅವತ್ತು ಇವನು ಕೇಳದೆ, ಇಲ್ಲಿಯ ಎರಡಕ್ಕೆ ಅಂದುಕೊಂಡು ಹೊರಗೆ ಬ್ರೆಡ್ಡು ತರಲು ಹೋಗಿದ್ದ. ಗೆಳೆಯರು ಓಡಿಬಂದು ಎಳೆದುಕೊಂಡು ಹೋದರು. ರೈಲು ಕೀವ್‌ನ ಎರಡಕ್ಕೆ ಹೊರಟಿತ್ತು. ಆರೇಳು ಕಿಲೋಮೀಟರ್ ದೂರದ ಜಾಹೊಞ್ ಸೇರಿದಾಗ ಅಲ್ಲಿನ ಗಡಿಯಾರದಲ್ಲಿ ಇನ್ನೂ ಎರಡಾಗಿರಲಿಲ್ಲವಂತೆ.